ನೀರು ಒಬ್ಬರದು, ಮಾತು ಒಬ್ಬರದು

ಎರಡನೆಯ ತಂಬಿಗೆ ನೀರು ಬೆನ್ನ ಮೇಲೆ ಬೀಳುವ ಹೊತ್ತಿಗೆ ಕೂಸು ಅಳುವುದನ್ನು ನಿಲ್ಲಿಸಿತ್ತು. ಹನುಮಂತಮ್ಮ ಬಚ್ಚಲ ಕಲ್ಲಿನ ಮೇಲೆ ಕಾಲು ನೀಡಿ ಕೂತು, ಅದನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ಎಣ್ಣೆ ಹೋಗುವಂತೆ ಕಡಲೆಹಿಟ್ಟು ತಿಕ್ಕುತ್ತಿದ್ದಳು. ಲೂರ್ದಮ್ಮ ಹಂಡೆಯಿಂದ ಬಿಸಿನೀರು ತೋಡಿ ತೋಡಿ ಕೊಡುತ್ತಿದ್ದಳು. ಆಚೆ ಕೆರೆ ಏರಿಯ ಮೇಲೆ ಮೋಟಾರ್ ಸೈಕಲ್ಲಿನ ಸದ್ದು ಕೇಳಿತು. ಇಬ್ಬರೂ ತಲೆ ಎತ್ತಲಿಲ್ಲ.

"ಬಂದ್ರು ನಿಮ್ಮ ಸ್ವಾಮಿಗಳು," ಅಂದಳು ಹನುಮಂತಮ್ಮ. "ನಾನು ಹೋಗ್ಲೇನವ್ವ?"

"ಇರು ಅಜ್ಜಿ. ಅವರು ಬರ್ತಿರೋದೇ ನಿನ್ನ ಕೇಳಾಕೆ."

"ನನ್ನ ಕೇಳಾಕೆ ಏನೈತೆ? ಈ ಕೈಯಾಗೆ ಮುನ್ನೂರು ಕೂಸು ಎತ್ತೀನಿ. ಇವತ್ತಿನವರೆಗೆ ಯಾವ ಸ್ವಾಮಿಯೂ ಬಂದು ಲೆಕ್ಕ ಕೇಳಿಲ್ಲ."

ಲೂರ್ದಮ್ಮ ನಗಲಿಲ್ಲ. ಟವೆಲ್ಲು ಹಾಸಿದ ಕೈಗಳನ್ನು ಮುಂದೆ ಚಾಚಿದಳು. ಮೂರು ತಿಂಗಳ ಚೌರಪ್ಪ ಹಬೆಯಾಡುತ್ತ, ಕೆಂಪಗೆ, ತೂಕವಾಗಿ ಅವಳ ಕೈಗೆ ಬಂದ.

ಸೂಳೆಕೆರೆಯ ದಂಡೆಯ ಆ ಊರಿನಲ್ಲಿ ಕ್ರೈಸ್ತರ ಮನೆ ಅದೊಂದೇ. ಗಂಡ ಇನ್ನಾಸಪ್ಪ ವಿದ್ಯುತ್ ಮಂಡಳಿಯಲ್ಲಿ ಲೈನ್‌ಮನ್. ಭದ್ರಾವತಿ ಕಡೆಯಿಂದ ವರ್ಗವಾಗಿ ಬಂದು ಮೂರು ವರ್ಷವಾಗಿತ್ತು. ಇನ್ನಾಸಪ್ಪ ಎಂಬ ಹೆಸರು ನಾಲಿಗೆಗೆ ಹತ್ತದ ಊರವರು ಅವನನ್ನು ಲೈಟಪ್ಪ ಅಂತಲೇ ಕರೆಯುತ್ತಿದ್ದರು. ಕರೆಂಟು ಹೋದಾಗಲೆಲ್ಲ ಅವನ ಮನೆಯ ಮುಂದೆ ಬಂದು, ಒಳಗೆ ಉರಿಯುವ ಚಿಮಣಿ ದೀಪ ನೋಡಿ, ಲೈಟಪ್ಪನ ಮನೆಯಲ್ಲೇ ಕತ್ತಲು ಕಣಪ್ಪ ಅಂತ ನಕ್ಕು ಹೋಗುತ್ತಿದ್ದರು. ಗೋಡೆಯ ಮೇಲಿನ ಯೇಸುವಿನ ಪಟಕ್ಕೆ ಅಕ್ಕಪಕ್ಕದ ಹೆಂಗಸರು ಕೈಮುಗಿಯುತ್ತಿದ್ದರು, ಎದೆ ತೆರೆದು ತೋರಿಸುವ ಆ ದೇವರಿಗೆ ಏನು ಕಷ್ಟವೋ ಪಾಪ ಎಂದು ಮರುಗುತ್ತಲೂ ಇದ್ದರು. ತಿಂಗಳಿಗೊಂದು ಭಾನುವಾರ ಫಾದರ್ ಮಥಾಯಸ್ ಮೋಟಾರ್ ಸೈಕಲ್ಲಿನಲ್ಲಿ ಚನ್ನಗಿರಿಗೆ ಬಂದು, ನಾಲೆ ಕೆಲಸದ ನಾಲ್ಕು ಕುಟುಂಬಗಳಿಗೆ ಒಂದು ಶೆಡ್ಡಿನಲ್ಲಿ ಪೂಜೆ ಮಾಡಿ ಹೋಗುತ್ತಿದ್ದರು. ಉಳಿದ ಭಾನುವಾರಗಳಲ್ಲಿ ಇವರಿಬ್ಬರೇ ಪಟದ ಮುಂದೆ ಮಂಡಿಯೂರುತ್ತಿದ್ದರು. ಮಂಡಿಯೂರಲು ಇಬ್ಬರು ಸಾಕು ಎಂದು ಲೂರ್ದಮ್ಮನಿಗೆ ಇಲ್ಲಿಗೆ ಬಂದ ಮೇಲೆ ತಿಳಿದಿತ್ತು.

ಮೂರು ತಿಂಗಳ ಹಿಂದೆ, ದಿನ ತುಂಬುವ ಮೊದಲೇ, ಅವಳಿಗೆ ನೋವು ಶುರುವಾಯಿತು. ಹಿಂದಿನ ದಿನದ ಬಿರುಗಾಳಿಗೆ ಎಂಟು ಕಂಬ ಉರುಳಿ, ಇನ್ನಾಸಪ್ಪ ಎಲ್ಲೋ ಗದ್ದೆಗಳ ನಡುವೆ ಕಂಬ ಹತ್ತಿದ್ದ. ಮರ ಬಿದ್ದು ಚನ್ನಗಿರಿ ಬಸ್ಸು ನಿಂತಿತ್ತು. ಬಂದವಳು ಊರ ಸೂಲಗಿತ್ತಿ ಹನುಮಂತಮ್ಮ ಒಬ್ಬಳೇ. ಮಧ್ಯಾಹ್ನದ ಬೆಳಕಿನಲ್ಲಿ ಮೊದಲು ಹುಟ್ಟಿದ್ದು ಹೆಣ್ಣು, ನೀಲಿಯಾಗಿತ್ತು. ಅಳಲಿಲ್ಲ. ಒದ್ದೆ ಹಕ್ಕಿಯ ಹಾಗೆ ಬಾಯಿ ಮಾತ್ರ ತೆರೆದು ಮುಚ್ಚುತ್ತಿತ್ತು. ಒಳಗೆ ಇನ್ನೊಂದು ಐತೆ ಅಂದಳು ಹನುಮಂತಮ್ಮ. ಲೂರ್ದಮ್ಮನಿಗೆ ರಕ್ತ ಹೋಗುತ್ತಿತ್ತು; ಕೈ ಎತ್ತಿದರೆ ಕೈ ತನ್ನದಲ್ಲವೇನೋ ಎಂಬಂತೆ ಚಾಪೆಗೆ ಬೀಳುತ್ತಿತ್ತು.

ಅವಳು ಓದಿದ್ದು ಸಿಸ್ಟರುಗಳ ಹಾಸ್ಟೆಲಿನಲ್ಲಿ. ಸಾವು ಹತ್ತಿರವಿದ್ದಾಗ ಯಾರು ಬೇಕಾದರೂ ತಲೆಗೆ ನೀರು ಹೊಯ್ದು ಕ್ರೈಸ್ತರಾಗಿಸುವ ಜ್ಞಾನಸ್ನಾನ ಕೊಡಬಹುದು, ಕೊಡುವವರು ಕ್ರೈಸ್ತರೇ ಆಗಬೇಕಿಲ್ಲ ಎಂದು ಅಲ್ಲಿ ಕಲಿಸಿದ್ದರು. ಬಟ್ಟೆಯ ಗೊಂಬೆಯ ತಲೆಗೆ ನೀರು ಹೊಯ್ದು ಹುಡುಗಿಯರೆಲ್ಲ ಅಭ್ಯಾಸ ಮಾಡಿದ್ದರು. ಗೊಂಬೆ ನೀರು ಕುಡಿದು ಊದಿಕೊಂಡದ್ದಕ್ಕೆ ನಕ್ಕಿದ್ದರು. ಆ ನಗುವಿನ ಮಧ್ಯೆ ಸಿಸ್ಟರು ಮತ್ತೇನಾದರೂ ಹೇಳಿದ್ದರೋ, ಅವಳಿಗೆ ಕೇಳಿಸಿರಲಿಲ್ಲ. ಅವಳಿಗೆ ಉಳಿದದ್ದು ನೀರು, ಮತ್ತು ಆ ಮಾತು. ತಂಬಿಗೆ ತಗೋ ಅಜ್ಜಿ, ತಲೆಗೆ ಹಾಕು, ಅಂದಳು. ಹನುಮಂತಮ್ಮ ಹಾಕಿದಳು. ಲೂರ್ದಮ್ಮ ಮಲಗಿದಲ್ಲಿಂದಲೇ, ಇದ್ದ ಉಸಿರನ್ನೆಲ್ಲ ಒಟ್ಟು ಮಾಡಿ, ಮಾರ್ತಾ, ಪಿತನ, ಸುತನ, ಪವಿತ್ರಾತ್ಮರ ಹೆಸರಿನಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ ಅಂದಳು. ಅರ್ಧ ಗಂಟೆಯ ಮೇಲೆ ಗಂಡುಕೂಸು ಬಂತು, ಅದೂ ನೀಲಿಯಾಗಿಯೇ. ಅದೇ ತಂಬಿಗೆ, ಅದೇ ಕೈ, ಅದೇ ಮಾತು. ನೀರು ಬಿದ್ದ ಕೂಡಲೇ ಅದು ಕಿರುಚಿತು. ಅಷ್ಟರಲ್ಲಿ ಮಾರ್ತಾಳ ಬಾಯಿ ನಿಂತಿತ್ತು.

ಮರುದಿನ ಇನ್ನಾಸಪ್ಪ ಅವಳನ್ನು ಪಿಂಗಾಣಿ ಇನ್ಸುಲೇಟರ್ ಬರುವ ಮರದ ಪೆಟ್ಟಿಗೆಯಲ್ಲಿಟ್ಟು, ತೊಡೆಯ ಮೇಲಿಟ್ಟುಕೊಂಡು ದಾವಣಗೆರೆ ಬಸ್ಸು ಹತ್ತಿದ. ಏನ್ರೀ ಅದು ಎಂದ ಕಂಡಕ್ಟರನಿಗೆ ಇಲಾಖೆ ಸಾಮಾನು ಅಂದನಂತೆ. ಅಲ್ಲಿಯ ಕ್ರೈಸ್ತರ ಸ್ಮಶಾನದ ಕಾವಲಿನವನು ಕೇಳಿದ್ದು ಒಂದೇ ಪ್ರಶ್ನೆ: ಜ್ಞಾನಸ್ನಾನ ಆಗಿತ್ತಾ? ಆಗದ ಕೂಸುಗಳನ್ನು ಹಿಂದಿನಿಂದಲೂ ಗೋಡೆಯ ಪಕ್ಕದ ನೆಲದ ಪಟ್ಟಿಯಲ್ಲಿ, ಶಿಲುಬೆಯಿಲ್ಲದೆ, ಮಣ್ಣು ಮಾಡುತ್ತಿದ್ದರು. ಆಗಿತ್ತು ಅಂದ ಇನ್ನಾಸಪ್ಪ. ಮಾರ್ತಾಗೆ ಉಳಿದವರ ನಡುವೆ, ಒಂದು ಮೊಳದ ಶಿಲುಬೆಯ ಕೆಳಗೆ ಜಾಗ ಸಿಕ್ಕಿತು.

ಅಂದಿನಿಂದ ಪ್ರತಿ ಸಂಜೆ ಜಪಸರ ಮುಗಿದ ಮೇಲೆ ಲೂರ್ದಮ್ಮ ಒಂದು ಮಾತು ಸೇರಿಸುತ್ತಿದ್ದಳು. ಸತ್ತ ದೊಡ್ಡವರಿಗಾಗಿ ನಾವು ಬೇಡಬೇಕು. ಜ್ಞಾನಸ್ನಾನವಾಗಿ ಸತ್ತ ಕೂಸು ನೇರ ದೇವರ ಬಳಿ ಇರುತ್ತದೆ. ಅದನ್ನೇ ನಾವು ಬೇಡಬಹುದು. ಹಾಗಾಗಿ ಅವಳು, ನಮ್ಮ ಮಾರ್ತಾ, ನಿನ್ನ ತಮ್ಮನಿಗಾಗಿ ಬೇಡಿಕೋ ಅನ್ನುತ್ತಿದ್ದಳು. ಕೂಸಿಗೆ ಕೆಮ್ಮು ಬಂದರೆ ಮಾರ್ತಾಗೆ ಹೇಳುತ್ತಿದ್ದಳು. ಹಾಲು ಕಮ್ಮಿಯಾದರೆ ಮಾರ್ತಾಗೆ ಹೇಳುತ್ತಿದ್ದಳು. ಸತ್ತ ಮಗಳೊಂದಿಗೆ ಅವಳ ಸಂಸಾರ ಹೀಗೆ ನಡೆದಿತ್ತು.

ಹೋದ ಸಲದ ಪೂಜೆಯ ನಂತರ ಇನ್ನಾಸಪ್ಪ ಜ್ಞಾನಸ್ನಾನದ ಸಂಗತಿಯನ್ನು ಹೆಮ್ಮೆಯಿಂದಲೇ ಫಾದರಿಗೆ ಹೇಳಿದ್ದ. ಹೇಳುತ್ತ ಹೇಳುತ್ತ, ನೀರು ಅಜ್ಜಿ ಹಾಕಿದಳು, ಮಾತು ಇವಳು ಹೇಳಿದಳು ಅಂದ. ಫಾದರ್ ಬರೆಯುವುದನ್ನು ನಿಲ್ಲಿಸಿದರು. ನೀರು ಹೊಯ್ಯುವವರೇ ಮಾತನ್ನೂ ಹೇಳಬೇಕು, ಎರಡೂ ಒಬ್ಬರದೇ ಆಗಿರಬೇಕು ಎಂಬುದು ಧರ್ಮಸಭೆಯ ನಿಯಮ ಎಂದು ಮೆಲ್ಲಗೆ ತಿಳಿಸಿ, ಮುಂದಿನ ತಿಂಗಳು ಆ ಹೆಂಗಸನ್ನೇ ಕೇಳುತ್ತೇನೆ ಅಂದು ಹೋಗಿದ್ದರು.

ನಿನ್ನೆ ಸಂಜೆ ಇನ್ನಾಸಪ್ಪ ಹೆಂಡತಿಗೆ ಒಂದು ಉಪಾಯ ಹೇಳಿದ. ನಾನೂ ಜೊತೆಗೇ ಮಾತು ಹೇಳಿದೆ ಎಂದುಬಿಡುವಂತೆ ಅಜ್ಜಿಗೆ ಹೇಳು, ಮುಗಿದೇ ಹೋಯಿತಲ್ಲ ಎಂದ. ಲೂರ್ದಮ್ಮ ಹೇಳಲಿಲ್ಲ. ಅಜ್ಜಿ ನಿಜವಾಗಿಯೂ ಹೇಳಿರಬಹುದು ಎಂಬ ಆಸೆ ಅವಳಿಗಿತ್ತು. ಕಲಿಸಿಕೊಟ್ಟುಬಿಟ್ಟರೆ ಆ ಆಸೆಯೂ ಸತ್ತಂತೆ.

ಈಗ ಫಾದರ್ ನಡುಮನೆಯಲ್ಲಿ, ಮನೆಗಿದ್ದ ಒಂದೇ ಕುರ್ಚಿಯಲ್ಲಿ ಕೂತಿದ್ದರು. ತೊಡೆಯ ಮೇಲೆ ಜ್ಞಾನಸ್ನಾನವಾದವರ ಹೆಸರು ಬರೆಯುವ ದೊಡ್ಡ ಪುಸ್ತಕ. ಮಂಗಳೂರಿನ ಕಡೆಯವರು, ವಯಸ್ಸು ಮೂವತ್ತು ದಾಟಿರಲಿಲ್ಲ. ಅವರ ಕನ್ನಡ ಇಸ್ತ್ರಿ ಮಾಡಿದಂತಿತ್ತು. ಹನುಮಂತಮ್ಮ ಒದ್ದೆ ಸೀರೆ ಹಿಂಡುತ್ತ ಹೊಸ್ತಿಲಾಚೆ ನಿಂತಳು. ಒಳಗೆ ಬನ್ನಿ ಅಂದರೂ ಬರಲಿಲ್ಲ.

"ನೀರು ಹಾಕಿದವರು ನೀವಲ್ಲವೇ?"

"ನಾನೇ ಸ್ವಾಮಿ. ಇವಳಿಗೆ ಕತ್ತು ಎತ್ತಾಕೂ ಆಗ್ತಿರಲಿಲ್ಲ. ನಿಮ್ಮ ದೇವರೇ ವಾಸಿ ಬಿಡ್ರಿ, ಒಂದು ತಂಬಿಗೆ ನೀರಿಗೆ ಒಪ್ಕಂತಾನೆ. ನಮ್ಮವ್ವನಿಗಾದ್ರೆ ಕೋಳಿನೇ ಬೇಕು."

ಫಾದರ್ ಸಣ್ಣಗೆ ನಕ್ಕರು. "ಆ ಮಾತು ಹೇಳಿದ್ದು?"

"ಲೂರ್ದವ್ವ."

"ನೀವೂ ಹೇಳಿದಿರಾ?"

ಫಾದರಿನ ಬೆನ್ನ ಹಿಂದೆ ನಿಂತಿದ್ದ ಇನ್ನಾಸಪ್ಪ ಮೆಲ್ಲಗೆ ತಲೆಯಾಡಿಸಿದ, ಹೌದು ಎನ್ನು ಎನ್ನುವಂತೆ. ಹನುಮಂತಮ್ಮ ಅದನ್ನು ಕಂಡಳು. ಲೂರ್ದಮ್ಮ ಕೂಸಿನ ನೆತ್ತಿಯನ್ನೇ ನೋಡುತ್ತಿದ್ದಳು. ಅಲ್ಲಿ ಎಳೆಯ ತೊಗಲಿನ ಕೆಳಗೆ ಜೀವ ಎದ್ದು ಬಿದ್ದು ಮಾಡುತ್ತಿತ್ತು.

"ಸುಳ್ಳು ಹೇಳಬಾರದು ಸ್ವಾಮಿ, ಕೂಸಿನ ವಿಷಯ," ಅಂದಳು ಹನುಮಂತಮ್ಮ. "ನನ್ನ ಧ್ಯಾನ ಎಲ್ಲ ಕೈಯಾಗೆ ಇತ್ತು. ಬಾಯಿ ಏನಂತಿತ್ತೋ ಗೊತ್ತಿಲ್ಲ. ಬದುಕವ್ವ, ಬದುಕೋ ನನ್ನಪ್ಪ ಅಂತಿದ್ದೆ ಅಂತ ಕಾಣ್ತೈತೆ."

ಫಾದರ್ ಪೆನ್ನಿನ ಮುಚ್ಚಳ ಹಾಕಿದರು. ಒಳ್ಳೆಯ ಮನುಷ್ಯ, ಆ ಮುಚ್ಚಳವನ್ನೂ ಸದ್ದಾಗದಂತೆ ಹಾಕಿದರು. ತಪ್ಪು ಯಾರದೂ ಅಲ್ಲ, ಆದರೆ ಅನುಮಾನ ಉಳಿಯಿತು ಅಂದರು. ಅನುಮಾನಕ್ಕೆ ಪರಿಹಾರವೂ ಉಂಟು: ನಿನಗೆ ಈ ಮೊದಲೇ ಜ್ಞಾನಸ್ನಾನ ಆಗಿಲ್ಲದಿದ್ದರೆ ಎಂಬ ಒಂದು ಮಾತು ಮುಂದೆ ಸೇರಿಸಿ, ಈಗ ಇನ್ನೊಮ್ಮೆ ಕೊಡುವುದು. ಮೊದಲಿನದು ಸರಿಯಿದ್ದರೆ ಇದು ಬರೀ ನೀರು. ಅದು ಸರಿಯಿಲ್ಲದಿದ್ದರೆ ಇದು ನಿಲ್ಲುತ್ತದೆ. ಮಗುವಿಗೆ ಯಾವ ನಷ್ಟವೂ ಇಲ್ಲ.

"ಮಾರ್ತಾಗೆ?" ಅಂದಳು ಲೂರ್ದಮ್ಮ.

ಫಾದರ್ ಬಹಳ ಹೇಳಿದರು. ದೇವರು ನಿಯಮಕ್ಕೆ ಕಟ್ಟುಬಿದ್ದವನಲ್ಲ, ಅವನ ಕರುಣೆಗೆ ದಡವಿಲ್ಲ, ಅಂಥ ಕೂಸುಗಳನ್ನು ನಾವು ಅವನ ಕೈಗೇ ಒಪ್ಪಿಸುತ್ತೇವೆ ಅಂದರು. ಲೂರ್ದಮ್ಮ ಒಂದೊಂದು ಮಾತನ್ನೂ ಕೇಳಿದಳು. ಮಾತುಗಳು ಚೆನ್ನಾಗಿದ್ದವು. ಕೊಡಲು ಕೈಯಲ್ಲಿ ಏನೂ ಇಲ್ಲದವರು ಆಡುವ ಮಾತುಗಳು ಅವು ಎಂದು ಅವಳಿಗೆ ಗೊತ್ತಾಯಿತು. ಅಂಥ ಕೂಸುಗಳು, ಅಂದಿದ್ದರು ಅವರು. ಇಷ್ಟು ಹೊತ್ತು ಮಾರ್ತಾ ಅಂಥ ಕೂಸಾಗಿರಲಿಲ್ಲ.

"ಒಂದೇ ತಂಬಿಗೆ ಸ್ವಾಮಿ," ಅಂದಳು ಲೂರ್ದಮ್ಮ. "ಇವನದು ಅನುಮಾನ ಅಂತ ನೀವು ಇನ್ನೊಂದು ಸಲ ನೀರು ಹಾಕಿದ್ರೆ ಅವಳದೂ ಅನುಮಾನ ಅಂತಾಯ್ತು. ಇವನಿಗೆ ಹಾಕಾಕೆ ನೀವಿದ್ದೀರಿ. ಅವಳಿಗೆ ಯಾರು ಹಾಕ್ತಾರೆ?"

ಇನ್ನಾಸಪ್ಪ ಅವಳ ಬಳಿ ಬಂದು ಕುಕ್ಕರಗಾಲಲ್ಲಿ ಕೂತ. ಅವನ ಅಂಗೈಗಳು ಕಂಬ ಹತ್ತಿ ಹತ್ತಿ ಮರಗಟ್ಟಿದ್ದವು. ಅವುಗಳನ್ನು ಎಲ್ಲಿಡಬೇಕೆಂದು ತಿಳಿಯದವನಂತೆ ಮಂಡಿಯ ಮೇಲಿಟ್ಟುಕೊಂಡ. ಮೊನ್ನೆ ಕೂಸಿಗೆ ಜ್ವರ ಬಂದಾಗ ತಾನು ರೆಪ್ಪೆ ಮುಚ್ಚಿರಲಿಲ್ಲ ಅಂದ. ನಾಳೆ ಇವನಿಗೆ ಏನಾದರೂ ಆದರೆ ಇನ್ನೊಂದು ಪೆಟ್ಟಿಗೆ ಹೊತ್ತು ಆ ಕಾವಲಿನವನ ಮುಂದೆ ನಿಲ್ಲುವವನು ತಾನೇ ಅಲ್ಲವೇ, ಆಗಿತ್ತಾ ಅಂದರೆ ಏನೆನ್ನಲಿ ಎಂದು ಕೇಳಿದ.

"ಹೋದೋಳು ಹೋದಳು ಲೂರ್ದು. ಇರೋನನ್ನ ನೋಡು."

"ಅವಳು ಎಲ್ಲಿಗೆ ಹೋದಳು ಅಂತ ನಂಗೆ ಗೊತ್ತೈತೆ ರೀ," ಅಂದಳು ಅವಳು. "ಅದೊಂದೇ ನಂಗೆ ಗೊತ್ತಿರೋದು."

ಹನುಮಂತಮ್ಮ ಹೊಸ್ತಿಲಾಚೆ ಕೂತುಬಿಟ್ಟಿದ್ದಳು. ತನ್ನ ನಿಜದಿಂದ ಏನು ಕೆಟ್ಟಿತೆಂದು ಅವಳಿಗೆ ಪೂರಾ ತಿಳಿದಿರಲಿಲ್ಲ. ಏನೋ ಕೆಟ್ಟಿದೆ ಎಂದಷ್ಟೇ ತಿಳಿದಿತ್ತು. ಇನ್ನೊಂದು ಸಲ ಹಾಕ್ಸವ್ವ, ನೀರು ತಾನೆ, ನಾನು ದಿನಾ ಹಾಕಲ್ವಾ ಅಂದಳು, ಲೂರ್ದಮ್ಮನನ್ನು ನಗಿಸಲೆಂದು. ಲೂರ್ದಮ್ಮ ಅವಳ ಕಡೆ ತಿರುಗಿ ನೋಡಿದಳು, ಕೋಪವಿಲ್ಲದೆ.

ಫಾದರ್ ಎದ್ದರು. ಇನ್ನೂ ಎರಡು ಊರಿಗೆ ಹೋಗಬೇಕಿತ್ತು ಅವರಿಗೆ. ಚೀಲದಿಂದ ಪೂಜೆಗೆ ಹಾಕುವ ಬಿಳಿಯ ಬಟ್ಟೆಪಟ್ಟಿ ತೆಗೆದು, ಮುತ್ತಿಟ್ಟು, ಕೊರಳಿಗೆ ಇಳಿಬಿಟ್ಟರು. ಇನ್ನಾಸಪ್ಪ ಸ್ಟೀಲ್ ಬಟ್ಟಲಲ್ಲಿ ನೀರು ತಂದ. ಹೆಂಡತಿಯ ಮುಖ ನೋಡದೆ ಮೇಣದಬತ್ತಿ ಹಚ್ಚಿದ. ಹಗಲು ಬೆಳಕಿನಲ್ಲಿ ಅದು ಉರಿಯುತ್ತಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಪ್ರಾರ್ಥನೆಯ ಪುಸ್ತಕದ ಆ ಪುಟ ತೆರೆದುಕೊಂಡಿತು. ಇಲ್ಲದಿದ್ದರೆ ಎಂಬ ಆ ಮಾತು ಅಲ್ಲಿ ಎಲ್ಲೋ ಅಚ್ಚಾಗಿ ಕೂತಿದೆ ಎಂದು ಲೂರ್ದಮ್ಮನಿಗೆ ಅನಿಸಿತು, ಸ್ಮಶಾನದ ಗೋಡೆಯ ಪಕ್ಕದ ಆ ನೆಲದ ಪಟ್ಟಿಯ ಹಾಗೆ. ಚೌರಪ್ಪ ಸ್ನಾನದ ಸುಖಕ್ಕೆ ನಿದ್ದೆ ಹೋಗಿದ್ದ.

"ಐದು ನಿಮಿಷದ ಕೆಲಸ ಅಮ್ಮ," ಎಂದು ಫಾದರ್ ಎರಡೂ ಕೈ ಚಾಚಿದರು. "ನಿಮ್ಮ ಮನಸ್ಸಿಗೂ ಸಮಾಧಾನ ಆಗ್ತದೆ. ಮಗುವನ್ನು ಕೊಡಿ."

"ಕೊಡಲ್ಲ," ಅಂದಳು ಲೂರ್ದಮ್ಮ.