ಬಿಟ್ಟು ಬಿಟ್ಟು ಕೂಗಿದ ಸೈರನ್

ಸೈರನ್ ಮತ್ತೆ ಕೂಗಿತು. ಚೆರೊನೊ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಸಮೇತ ಕಿಟಕಿಗೆ ಓಡಿದಳು. ಅಂದುಕೊಂಡ ಹಾಗೇ ಆಗಿತ್ತು. ಎದುರಿನ ಗುಡ್ಡದಲ್ಲಿ ಚಹಾ ಗಿಡಗಳ ಮೇಲೆ ಬಾಗಿದ್ದ ಹೆಂಗಸರೆಲ್ಲ ಬೆನ್ನು ನೆಟ್ಟಗೆ ಮಾಡಿ, ಬುಟ್ಟಿ ಸರಿಪಡಿಸಿಕೊಂಡು, ತೂಕದ ಚಪ್ಪರದ ಕಡೆಗೆ ಹತ್ತತೊಡಗಿದ್ದರು. ಕೆರಿಚೋದ ಈ ಗುಡ್ಡಗಳಲ್ಲಿ ಗಡಿಯಾರ ನೋಡಿ ತೂಕಕ್ಕೆ ಹೊರಟವರು ಯಾರೂ ಇಲ್ಲ. ಕಾರ್ಖಾನೆ ಕೂಗಿದರೆ ಹೊತ್ತಾಯಿತು ಎಂದೇ ಲೆಕ್ಕ.

ಈಗ ಹೊತ್ತೇನೂ ಆಗಿರಲಿಲ್ಲ. ಕೂಗಿಸಿದ್ದು ಎಲೆ ಒಣಗಿಸುವ ಯಂತ್ರಕ್ಕೆ ಹಾಕಿದ ಹೊಸ ಕಂಟ್ರೋಲರ್. ಅಂಗೈಯಗಲದ ಡಬ್ಬಿ, ಮುಖದ ಮೇಲೆ ಕೆಂಪು ಅಂಕಿ. ಬಿಸಿ ಹೆಚ್ಚುಕಡಿಮೆಯಾದರೆ ಎಚ್ಚರಿಸಲಿ ಎಂದು ತರಿಸಿದ್ದರು. ಕೂರಿಸಲು ಬಂದ ನೈರೋಬಿಯವನು ಬೇರೆ ಗಂಟೆ ಸಿಗದೆ ತಂತಿಯನ್ನು ಸೂರಿನ ಹಳೆಯ ಸೈರನ್ನಿಗೇ ಎಳೆದು, ಚಹಾ ಕುಡಿದು, ಬಸ್ಸು ಹತ್ತಿದ್ದ. ಅಂದಿನಿಂದ ಕಾರ್ಖಾನೆಯ ಎಲೆಕ್ಟ್ರಿಷಿಯನ್ ಚೆರೊನೊಳ ತಲೆಗೆ ಅದು ಗಂಟುಬಿದ್ದಿತ್ತು.

ಮೇಸ್ತ್ರಿ ಸಿಗೇ ಕಟಿಂಗ್ ಪ್ಲೈಯರ್ ಹಿಡಿದೇ ಒಳಗೆ ಬಂದ.

“ಮ್ಯಾನೇಜರು ಹೇಳ್ಬಿಟ್ಟಿದಾರೆ. ಸಂಜೆ ಒಳಗೆ ಸರಿಹೋಗ್ಲಿಲ್ಲಾಂದ್ರೆ ತಂತಿ ಕತ್ತರಿಸಿ ಬಿಸಾಕು ಅಂತ.”

“ನೆಗಡಿ ಆಯ್ತೂಂತ ಮೂಗು ಕೊಯ್ಕೋತಾರಾ ಮೇಸ್ತ್ರಿ?”

“ಮೂಗಿಲ್ದೆ ಹೆಂಗೋ ಬದುಕಬಹುದು ಕಣಮ್ಮ. ಆ ಹೆಂಗಸರ ಬಾಯಿಗೆ ಬಿದ್ದು ಬದುಕೋಕಾಗಲ್ಲ.”

ಚೆರೊನೊಗೆ ನಗು ಬರಲಿಲ್ಲ. ಅವಳು ಚಿಕ್ಕವಳಿದ್ದಾಗ ಇದೇ ಯಂತ್ರಕ್ಕೆ ಬೆಂಕಿ ಹತ್ತಿತ್ತು. ಒಳಗೆ ಎಲೆ ತಳ್ಳುತ್ತಿದ್ದವನು ಅವಳ ಅಪ್ಪ. ಕೂಗಿಕೊಂಡಿರಲೇಬೇಕು, ಫ್ಯಾನುಗಳ ಗದ್ದಲದಲ್ಲಿ ಗೋಡೆಯಾಚೆ ನಿಂತವನಿಗೂ ಅದು ಕೇಳಿರಲಿಲ್ಲ. ಆ ತಂತಿ ತುಂಡಾಗುವುದನ್ನು ನೆನೆದರೇ ಅವಳಿಗೆ ಸಂಕಟವಾಗುತ್ತಿತ್ತು.

ಅಷ್ಟರಲ್ಲಿ ಕಿಟಕಿಯಾಚೆ ಅವಳ ಅವ್ವ ತಬುತಾನಿ ಏದುಸಿರು ಬಿಡುತ್ತ ಬಂದು ನಿಂತಳು. ಬುಟ್ಟಿಯಲ್ಲಿ ಅರ್ಧಕ್ಕೂ ಕಡಿಮೆ ಎಲೆ.

“ಏನೇ, ನಿನ್ನ ಸೈರನ್‌ಗೆ ಹೊಟ್ಟೆನೋವಾ? ಬುಟ್ಟಿ ತಳ ಮುಚ್ಚೋಕೂ ಬಿಡಲ್ವಲ್ಲ!”

“ಇವತ್ತು ಸರಿ ಮಾಡ್ತೀನವ್ವ.”

“ನಿನ್ನೇನೂ ಇದನ್ನೇ ಹೇಳಿದ್ದೆ. ಅದನ್ನೇ ಒಂಚೂರು ನನ್ನ ಮೊಣಕಾಲಿಗೂ ಹೇಳು.”

ಚೆರೊನೊ ಡಬ್ಬಿಯ ಮುಂದೆ ಸ್ಟೂಲು ಎಳೆದುಕೊಂಡು ಕೂತಳು. ತಪ್ಪು ಯಂತ್ರದ್ದಲ್ಲ. ಬಿಸಿ ನೂರ ಇಪ್ಪತ್ತರಲ್ಲಿರಬೇಕು. ಐದು ಡಿಗ್ರಿ ಅತ್ತಿತ್ತ ಸರಿದರೂ ಕೂಗು ಎಂದು ನೈರೋಬಿಯವನು ಹೇಳಿಕೊಟ್ಟು ಹೋಗಿದ್ದ. ಹಸಿ ಎಲೆ ಬಿದ್ದ ಕೂಡಲೇ ಬಿಸಿ ಇಳಿಯುವುದು ಸಹಜ, ಅದಕ್ಕೂ ಪಾಪದ ಡಬ್ಬಿ ಬೊಬ್ಬೆ ಹೊಡೆಯುತ್ತಿತ್ತು. ಅವಳು ಗುಂಡಿ ಒತ್ತುತ್ತ ಒಂದೊಂದೇ ಬದಲಿಸಿದಳು. ಬಿಸಿ ಇಳಿದಾಗ ದೀಪ ಹತ್ತಿದರೆ ಸಾಕು. ಸೈರನ್ ಕೂಗುವುದು ನೂರ ಮೂವತ್ತೈದು ದಾಟಿದರೆ ಮಾತ್ರ, ಅದೂ ಸ್ವಲ್ಪ ಹೊತ್ತು ಅಲ್ಲೇ ನಿಂತರೆ. ಒಮ್ಮೆ ಕೂಗತೊಡಗಿದರೆ ಬಿಸಿ ಚೆನ್ನಾಗಿ ಇಳಿಯುವ ತನಕ ಬಾಯಿ ಮುಚ್ಚಕೂಡದು. ಆಮೇಲೆ ಕೆಟ್ಟು ನಿಂತಿದ್ದ ಎಲೆ ಲಾರಿಯಿಂದ ಇಂಡಿಕೇಟರ್ ಮಿಣುಕಿಸುವ ಫ್ಲಾಶರ್ ಬಿಚ್ಚಿ ತಂದು ಡಬ್ಬಿಯಿಂದ ಸೈರನ್ನಿಗೆ ಹೋಗುವ ತಂತಿಯ ನಡುವೆ ಸೇರಿಸಿದಳು. ತೂಕದ ಕೂಗಿಗೂ ಅಪಾಯದ ಕೂಗಿಗೂ ವ್ಯತ್ಯಾಸ ಬೇಕಿತ್ತು.

ಮಧ್ಯಾಹ್ನದ ತೂಕದ ಹೊತ್ತಿಗೆ ಚಪ್ಪರಕ್ಕೇ ಹೋಗಿ ಎಲ್ಲರಿಗೂ ಹೇಳಿದಳು. “ಉದ್ದಕ್ಕೆ ಕೂಗಿದ್ರೆ ತೂಕ. ಬಿಟ್ಟು ಬಿಟ್ಟು ಕೂಗಿದ್ರೆ ಒಳಗೇನೋ ಅಪಾಯ, ನೀವ್ಯಾರೂ ಬರ್ಬೇಡಿ. ಇನ್ನೊಂದು ಗಳಿಗೆಗೆ ಸುಮ್ನೆ ಕೂಗಿಸಿ ನೋಡ್ತೀನಿ.”

“ಬಿಟ್ಟು ಬಿಟ್ಟು ಕೂಗೋದು ನನ್ನ ಗಂಡನ ಗೊರಕೆ. ನಾನೇನೋ ಅದಕ್ಕೆ ಏಳಲ್ಲಪ್ಪ,” ಎಂದಳೊಬ್ಬಳು. ಎಲ್ಲರೂ ನಕ್ಕರು. ತಬುತಾನಿ ಮಾತ್ರ ನಗದೆ ಮೊಣಕಾಲು ನೀವಿಕೊಳ್ಳುತ್ತ ಕೂತಿದ್ದಳು.

ಎಲ್ಲರೂ ಗಿಡಗಳಿಗೆ ಮರಳಿದ ಮೇಲೆ ಚೆರೊನೊ ಮಿತಿಯನ್ನು ನೂರ ಹತ್ತಕ್ಕೆ ಇಳಿಸಿ ಕಾದಳು. ಸೈರನ್ ಕೂಗಿತು, ನಿಂತಿತು, ಕೂಗಿತು, ನಿಂತಿತು.

“ಭೇಷ್!” ಎಂದ ಸಿಗೇ. ಕಿಟಕಿಯತ್ತ ತಿರುಗಿದವನು ಮರುಕ್ಷಣವೇ ತಲೆ ಮೇಲೆ ಕೈಯಿಟ್ಟುಕೊಂಡ. “ಅಯ್ಯೋ, ಅಷ್ಟು ಹೇಳಿದ್ಯಲ್ಲಮ್ಮಾ!”

ಗುಡ್ಡದ ಮೇಲೆ ಬುಟ್ಟಿಗಳು ಬಿದ್ದಿದ್ದವು. ಹೆಂಗಸರು ನೀರಿನ ಕ್ಯಾನು, ಗೋಣಿ, ಕೈಗೆ ಸಿಕ್ಕಿದ್ದು ಹಿಡಿದು ಕಾರ್ಖಾನೆಯತ್ತ ಓಡಿ ಬರುತ್ತಿದ್ದರು. ಈ ಕಡೆ ಹೆಣ್ಣುಮಗಳೊಬ್ಬಳು ಬಿಟ್ಟು ಬಿಟ್ಟು ಕೂಗಿದಳೆಂದರೆ ಕೇಳಿದವರು ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಓಡಲೇಬೇಕು. ಓಡದವರಿಗೆ ಆಮೇಲೆ ಯಾರೂ ಮಣೆ ಹಾಕುವುದಿಲ್ಲ. ಇಲ್ಲೇ ಹುಟ್ಟಿ ಬೆಳೆದ ಚೆರೊನೊ ತಾನು ಸೈರನ್ನಿಗೆ ಕಲಿಸಿದ್ದು ಅದೇ ಕೂಗು ಎಂದು ಈಗ ಕಂಡಳು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಓಡಿ ಸ್ವಿಚ್ ಆರಿಸಿದಳು.

ಕೂಗು ನಿಂತದ್ದೇ ಹೆಂಗಸರು ಇದ್ದಲ್ಲೇ ನಿಂತು, ಒಬ್ಬರನ್ನೊಬ್ಬರು ನೋಡಿಕೊಂಡು, ಬೈಯುತ್ತ ನಗುತ್ತ ಹಿಂದಿರುಗಿದರು. ಒಬ್ಬಳು ಮಾತ್ರ ನಿಲ್ಲಲಿಲ್ಲ. ಕಾಲೆಳೆದುಕೊಂಡು, ಕ್ಯಾನಿನ ನೀರು ಲಂಗಕ್ಕೆಲ್ಲ ಚೆಲ್ಲಿಕೊಂಡು, ತಬುತಾನಿ ಬಾಗಿಲ ತನಕ ಬಂದಳು.

“ಬರೀ ಪರೀಕ್ಷೆ ಅಂತ ಹೇಳಿದ್ನಲ್ಲವ್ವ?”

“ಹೇಳಿದ್ದೆ.”

“ಮತ್ಯಾಕೆ ಬಂದೆ, ಈ ಕಾಲಲ್ಲಿ?”

ತಬುತಾನಿ ಹೊಸ್ತಿಲ ಮೇಲೆ ಕೂತು ಉಸಿರು ಹತೋಟಿಗೆ ಬರುವವರೆಗೆ ಕಾದಳು.

“ನಿಮ್ಮಪ್ಪ ಕೂಗಿದ್ದು ಅವತ್ತು ನನಗೆ ಕೇಳಿಸ್ಲಿಲ್ಲ ಕಣೇ,” ಎಂದಳು. “ಇವತ್ತು ಕೇಳಿಸ್ತು.”

ಸಿಗೇ ಪ್ಲೈಯರನ್ನು ಜೇಬಿಗೆ ಹಾಕಿಕೊಂಡು ಮೆಲ್ಲಗೆ ಆಚೆ ಹೋದ. ಚೆರೊನೊ ಸ್ವಿಚ್ ಹಾಕಿ, ಮಿತಿಯನ್ನು ನೂರ ಮೂವತ್ತೈದಕ್ಕೆ ಏರಿಸಿದಳು. ಆಮೇಲೆ ಅವ್ವನ ಕೈಯಿಂದ ಕ್ಯಾನನ್ನು ತೆಗೆದುಕೊಂಡು, ತಳದಲ್ಲಿ ಉಳಿದಿದ್ದ ನೀರು ಚೆಲ್ಲದಂತೆ ಎತ್ತಿ ತಂದು, ಒಣಗಿಸುವ ಯಂತ್ರದ ಪಕ್ಕದಲ್ಲಿ ಗೋಡೆಗೆ ಒತ್ತಿ ಇಟ್ಟಳು.