ಬಿಳಿ ಗೆರೆ

"ಏಯ್, ಗೇಟಿನಾಚೆ ನಿಂತ್ಕೊಳೇ! ನಿನ್ನ ನಾತಕ್ಕೆ ಸಾಹೇಬ್ರು ಬಂದ ಹಾಗೇ ವಾಪಸ್ ಹೋಗ್ತಾರೆ," ಎಂದ ಕಾವಲುಗಾರ.

"ಹನ್ನೆರಡು ವರ್ಷ ಈ ನಾತ ಕುಡಿದೇ ನಿಮ್ಮ ಬೀದಿ ಚೊಕ್ಕಟ ಇಟ್ಟಿದೀನಿ ಕಣೋ ಬೋಳಿಮಗನೇ," ಎಂದಳು ದೊಡ್ಡಕ್ಕ.

ನಿನ್ನೆಯವರೆಗೂ ಅವಳೂ ಇನ್ನೂ ಆರು ಹೆಂಗಸರೂ ಗೇಟಿನೊಳಗಿನ ಶೆಡ್ಡಿನಲ್ಲೇ ಕೂತು ಕಸದ ಪ್ಲಾಸ್ಟಿಕ್ ವಿಂಗಡಿಸುತ್ತಿದ್ದರು. ಇವತ್ತು ಬಾಗಿಲಿಗೆ ರಿಬ್ಬನ್. ಒಳಗೆ ಬೀರುವಿನಷ್ಟು ಎತ್ತರದ ಯಂತ್ರ, ಅದರ ಬೆನ್ನಿಗೆ ಪ್ಲಾಸ್ಟಿಕ್ ಕರಗಿಸುವ ಕಡಾಯಿ.

ಯಂತ್ರಕ್ಕೆ ಓನಾಮ ಕಲಿಸಿದವಳು ಅವಳೇ. ಮೂರು ತಿಂಗಳು ಹಣೆಗೆ ಕ್ಯಾಮೆರಾ ಕಟ್ಟಿಕೊಂಡು ದುಡಿದಿದ್ದಳು. ಯಾವುದು ಕೈಯಲ್ಲಿ ಚರಗುಟ್ಟುತ್ತದೆ, ಯಾವುದು ಮೆತ್ತಗೆ ಮಣಿಯುತ್ತದೆ, ಎಲ್ಲ ಬಿಡಿಸಿ ಹೇಳಿದ್ದಳು. ಯಂತ್ರದ ವಿನ್ಯಾಸ ಮಾಡುತ್ತಿದ್ದ ಕನ್ನಡಕದ ಹುಡುಗಿ ಪಕ್ಕದಲ್ಲೇ ನೆಲಕ್ಕೆ ಕೂತು, ಅವಳ ಲೋಟದಲ್ಲೇ ಚಹಾ ಕುಡಿದು, "ಅಕ್ಕಾ, ಮೆಷಿನ್ ನಿಮ್ದೇ. ಓಡಿಸೋರೂ ನೀವೇ," ಎಂದಿದ್ದಳು. ಕಸವೂ ಕರಗಬೇಕು, ಬಡತನವೂ ಕರಗಬೇಕು ಎಂಬುದು ಯೋಜನೆ. ಎರಡಕ್ಕೂ ಒಂದೇ ಗುಂಡಿ ಒತ್ತಿದರೆ ಸಾಕಿತ್ತು.

ಒಂದು ಪಾಠ ಮಾತ್ರ ಹುಡುಗಿಗೆ ಬೇಡವಾಗಿತ್ತು. "ಒಂದು ಜಾತಿ ಬಾಟಲಿ ನೋಡೋಕೆ ಒಳ್ಳೇದರ ಥರಾನೇ ಇರುತ್ತೆ ತಾಯಿ. ಮಡಚಿದ್ರೆ ಮಾತ್ರ ಬಿಳಿ ಗೆರೆ ಏಳುತ್ತೆ. ನಾಲ್ಕು ಸೇರಿದ್ರೂ ಕಡಾಯಿಲಿ ಕರಗಿದ್ದೆಲ್ಲಾ ಕಪ್ಪಾಗಿ ಹಾಳು."

"ಒಂದೊಂದೇ ಮಡಚ್ತಾ ಕೂರೋಕೆ ಮೆಷಿನ್‌ಗೆ ಟೈಮಿಲ್ಲ ಅಕ್ಕಾ," ಎಂದು ನಕ್ಕಿದ್ದಳು ಹುಡುಗಿ.

ಈಗ ಅವಳೇ ಗೇಟಿಗೆ ಓಡಿಬಂದಳು. "ಬನ್ನಿ ಅಕ್ಕಾ, ಮೊದಲ ಬಾಟಲಿ ನಿಮ್ಮ ಕೈಯಿಂದಾನೇ. ಒಂದು ಫೋಟೋ."

"ನಾಳೆಯಿಂದ ಓಡಿಸೋರು ಯಾರು?"

"ಅದು... ಓದಿದೋರೇ ಬೇಕಂತೆ. ಬೇಜಾರ್ ಮಾಡ್ಕೋಬೇಡಿ."

"ನಾವು ಏಳು ಜನ ಎಲ್ಲಿಗೆ ಹೋಗ್ಬೇಕು?"

"ಪೋಸ್ಟರ್‌ನಲ್ಲಿ ನಿಮ್ಮ ಕೈ ಹಾಕಿದೀವಲ್ಲಾ ಅಕ್ಕಾ!"

ಪೋಸ್ಟರಿನಲ್ಲಿ ಕೈಗಳಿದ್ದವು. ಉಗುರಿನ ಕೊಳೆ ತೆಗೆದಿದ್ದರು. ಮುಖಕ್ಕೆ ಜಾಗ ಸಾಲಲಿಲ್ಲವಂತೆ.

ದೊಡ್ಡಕ್ಕ ಗೇಟಿನ ಪಕ್ಕದ ಬಾಟಲಿ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಒಂದೊಂದೇ ಬಾಟಲಿ ಎತ್ತಿ ಮಡಚಿ ನೋಡಿ, ಕೆಲವನ್ನು ಎಸೆದು, ಕೆಲವನ್ನು ಮಡಿಲಿಗೆ ಹಾಕಿಕೊಂಡಳು.

"ಅತ್ತಿಗೇ, ಅವು ಆ ಬಿಳಿ ಗೆರೆ..." ಎಂದಳು ಜೊತೆಗೆ ಬಂದಿದ್ದ ನಾದಿನಿ.

"ಮುಚ್ಚೇ ಬಾಯಿ."

ಒಳಗೆ ಹೋಗಿ ಮೊದಲನೆಯದನ್ನು ಯಂತ್ರದ ಬಾಯಿಗಿಟ್ಟಳು. ಹಸಿರು ದೀಪ ಹತ್ತಿತು. ಬಾಟಲಿ ಕಡಾಯಿಗೆ ಜಾರಿತು. ಚಪ್ಪಾಳೆ.

"ನೋಡಿ, ಮನುಷ್ಯರ ಹಾಗೆ ತಪ್ಪೋದೇ ಇಲ್ಲ!" ಎಂದರು ಸಾಹೇಬರು.

"ಫೋಟೋ ಅಲ್ಲಾಡಿಬಿಡ್ತು. ಇನ್ನೊಂದು ಹಾಕಮ್ಮಾ," ಎಂದ ಫೋಟೋದವನು.

ದೊಡ್ಡಕ್ಕ ಮಡಿಲಿಗೆ ಕೈ ಹಾಕಿದಳು. ಅದು ತುಂಬಿತ್ತು.