ಹಿಮದ ಸರಪಳಿಯೂ ಬಿಳಿಯ ಸವತಿಯೂ

ನಾನು ಒಂದು ಸರಪಳಿ. ಎಮ್ಮೆಯ ಕೊರಳಿಗೆ ಬಿಗಿಯುವುದಲ್ಲ, ಬಾಗಿಲಿಗೆ ಹಾಕುವುದೂ ಅಲ್ಲ. ಹಿಮ ಬಿದ್ದ ದಾರಿಯಲ್ಲಿ ಗಾಡಿಯ ಗಾಲಿಗಳು ಜಾರದಂತೆ ಅವುಗಳ ಮೈಗೆ ತೊಡಿಸುವ ಕಬ್ಬಿಣದ ಬಲೆ ನಾನು. ಎರಡು ಗಾಲಿಗಳಿಗೆ ಎರಡು ಬಲೆಗಳು. ಮೈ ಎರಡಾದರೂ ಒಂದೇ ಚೀಲದಲ್ಲಿ ಬದುಕಿದವಳಾದ್ದರಿಂದ 'ನಾನು' ಎಂದೇ ಹೇಳಿಕೊಳ್ಳುತ್ತೇನೆ.

ನಾನು ಹುಟ್ಟಿದ್ದು ಲುಧಿಯಾನದ ಒಂದು ಕುಲುಮೆಯಲ್ಲಿ. ನನ್ನ ಜೊತೆಯಲ್ಲೇ ಸೈಕಲ್ಲಿನ ಸರಪಳಿಗಳೂ ತಯಾರಾಗುತ್ತಿದ್ದವು. ಅವುಗಳಿಗೆ ವರ್ಷವಿಡೀ ತಿರುಗುವ ಭಾಗ್ಯ, ನನಗೆ ಚಳಿಗಾಲದ ಕೆಲವು ದಿನಗಳ ಕೂಲಿ. ಎಣ್ಣೆಯಲ್ಲಿ ಅದ್ದಿ ತೆಗೆದು ಒಣಗಲು ನೇತುಹಾಕಿದ ದಿನವೇ ನಾನು ಅವುಗಳನ್ನು ನೋಡಿ ಕರುಬಿದೆ. ಹೊಟ್ಟೆಕಿಚ್ಚು ನನ್ನ ಹುಟ್ಟುಗುಣ. ಇನ್ನೊಂದು ಹುಟ್ಟುಗುಣ ಸದ್ದು. ಮುಟ್ಟಿದರೂ ಝಣಝಣ, ಎಳೆದರೂ ಝಣಝಣ. ಸುಮ್ಮನಿರುವುದು ನನ್ನ ಜಾತಿಗೆ ತಿಳಿಯದ ವಿದ್ಯೆ.

ಮೊದಲ ಯಜಮಾನ ಮನಾಲಿಯ ಜೀಪಿನ ಚಾಲಕ ತೇಜರಾಮ. ಅವನನ್ನು ನಾನು ಹೆಚ್ಚಾಗಿ ನೋಡಿದ್ದು ಕೆಳಗಿನಿಂದ: ಮಂಜಿನಲ್ಲಿ ಊರಿದ ಎರಡು ಮೊಣಕಾಲು, ಉಣ್ಣೆಯ ಗವಸಿನಿಂದ ಹೊರಬಂದ ಕೆಂಪು ಬೆರಳುಗಳು. ಮಂಡಿನೋವು ಹೆಚ್ಚಾದಾಗ ಅವನು ಜೀಪನ್ನೂ ನನ್ನನ್ನೂ ಒಟ್ಟಿಗೆ ಕನ್ನಡದವರೊಬ್ಬರ ಕೈಗೆ ಒಪ್ಪಿಸಿದ.

ಅವರೇ ಗುರುಸಿದ್ದಪ್ಪ. ಗದಗಿನವರು, ಸೈನ್ಯದಲ್ಲಿ ಲಾರಿ ಓಡಿಸಿ ನಿವೃತ್ತರಾದವರು. ಊರಿಗೆ ಮರಳುವ ಬದಲು ಹೆಂಡತಿ ನೀಲವ್ವನನ್ನೇ ಮನಾಲಿಗೆ ಕರೆಸಿಕೊಂಡು, ಪೇಟೆಯ ಮೇಲಿನ ದಿಬ್ಬದಲ್ಲಿ ಖಾನಾವಳಿ ತೆರೆದಿದ್ದರು. ಹಿಮ ನೋಡಲು ಬಂದ ಕನ್ನಡಿಗರು ಅಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ ಉಂಡು ಕಣ್ಣು ತುಂಬಿಕೊಳ್ಳುತ್ತಿದ್ದರು. ಅವರನ್ನು ದಿಬ್ಬ ಹತ್ತಿಸುತ್ತಿದ್ದುದು ಜೀಪು. ಜೀಪನ್ನು ಹತ್ತಿಸುತ್ತಿದ್ದುದು ನಾನು. "ನಮ್ಮ ಸರಪಳಿ ಇರೂಮಟ ಈ ದಿಬ್ಬ ನಮಗ ಅಂಗಳ ಇದ್ದಂಗ" ಎಂದು ಗುರುಸಿದ್ದಪ್ಪ ಹೇಳಿದಾಗಲೆಲ್ಲ ನಾನು ಚೀಲದೊಳಗೇ ಹಿಗ್ಗುತ್ತಿದ್ದೆ.

ಹೀಗಿರುವಾಗ ಮಗಳು ಶಾಂಭವಿ ಬಸುರಿಯಾದಳು. ಅವಳನ್ನು ಗದಗಿಗೆ ಮದುವೆ ಮಾಡಿ ಕೊಟ್ಟಿದ್ದರು. ಬೀಗರು, ಹೆರಿಗೆ ಅಲ್ಲಿಯೇ ಆಗಲಿ, ಹಿಮದಲ್ಲಿ ಯಾಕೆ ಕಷ್ಟ ಎಂದರು. ನೀಲವ್ವ ಒಪ್ಪಲಿಲ್ಲ. "ಚೊಚ್ಚಲ ಬಾಣಂತನ ತವರಾಗ ಆಗಬೇಕು. ತವರು ಬೆಟ್ಟದ ಮ್ಯಾಲ ಐತಿ ಅಂದ್ರ ಬೆಟ್ಟದ ಮ್ಯಾಲ ಆಗಲಿ" ಎಂದು ಫೋನಿನಲ್ಲೇ ತೀರ್ಮಾನ ಕೊಟ್ಟರು. ಹೆರಿಗೆಯ ದಿನ ಜನವರಿಯಲ್ಲಿ ಬರುತ್ತಿತ್ತು. ಆಸ್ಪತ್ರೆ ದಿಬ್ಬವಿಳಿದು ನಲವತ್ತು ಕಿಲೋಮೀಟರು ದೂರ, ಕುಲ್ಲುವಿನಲ್ಲಿ. ಕುಲುಕುವ ಜೀಪಿನಲ್ಲಿ ತುಂಬುಗರ್ಭಿಣಿಯನ್ನು ಒಯ್ಯುವುದು ಹೇಗೆ? ಗುರುಸಿದ್ದಪ್ಪ ಬಹಳ ಯೋಚಿಸಿ, ನಾಲ್ಕೂ ಗಾಲಿಗಳು ಎಳೆಯುವ ಒಂದು ಐಷಾರಾಮಿ ಕಾರನ್ನು ಕೊಳ್ಳಲು ನಿಶ್ಚಯಿಸಿದರು.

ಶಾಂಭವಿ ಗದಗಿನಿಂದ ತವರಿಗೆ ಬಂದ ಮೇಲೆ, ಕಾರನ್ನು ಆರಿಸಲು ಮೂವರೂ ಜೀಪಿನಲ್ಲಿ ಚಂಡೀಗಢಕ್ಕೆ ಹೊರಟರು. ನನ್ನನ್ನೂ ಒಯ್ದರು. ಸೀರೆಯಂಗಡಿಗೆ ಹೋಗುವ ಹೆಂಗಸರು ಹೊಂದುವ ಬಣ್ಣಕ್ಕಾಗಿ ಕುಪ್ಪಸದ ತುಂಡನ್ನು ಕೈಯಲ್ಲಿ ಹಿಡಿದಿರುವಂತೆ, ಗುರುಸಿದ್ದಪ್ಪ ನನ್ನ ಚೀಲವನ್ನು ಹೆಗಲಿಗೇರಿಸಿಕೊಂಡು ಮಳಿಗೆಯಿಂದ ಮಳಿಗೆಗೆ ನಡೆದರು. ನನಗೆ ಹೊಂದುವ ಕಾರನ್ನೇ ಅವರು ಹುಡುಕುತ್ತಿದ್ದಾರೆಂದು ನಾನು ನಂಬಿದೆ.

ಮೊದಲ ಮಳಿಗೆಯಲ್ಲಿ ಕನ್ನಡಿಯಂಥ ನೆಲದ ಮೇಲೆ ನನ್ನನ್ನು ಝಣ್ಣನೆ ಸುರಿದಾಗ ಮಾರಾಟದವನ ಮುಖ ಬಿಳಿಚಿತು. ಕಪ್ಪು ಕಾರೊಂದು ನಿಂತಿತ್ತು. ನೀಲವ್ವ ಬಗ್ಗಿ ನೋಡಿದರು.

"ಇದರ ಹೊಟ್ಟಿ ನೆಲಕ್ಕ ಹತ್ತೇತಲ್ರೀ. ಹಿಮದಾಗ ಇದು ಈಜಬೇಕಾಕ್ಕೈತಿ."

ಎರಡನೆಯ ಮಳಿಗೆಯದು ಆನೆಯಂಥ ಕಾರು. ಶಾಂಭವಿ ಒಂದು ಕಾಲೆತ್ತಿ ಹಾಗೆಯೇ ನಿಂತಳು. "ಅಪ್ಪಾ, ಇದಕ್ಕ ನಿಚ್ಚಣಿಕಿ ಕೊಡ್ತಾರೇನ ಕೇಳು" ಎಂದಳು. ನಾನು ಚೀಲದಲ್ಲಿ ಸಂತೋಷದಿಂದ ಕುಲುಕಿದೆ.

ಮೂರನೆಯ ಮಳಿಗೆಯಲ್ಲಿ ಅವಳಿದ್ದಳು. ಮುತ್ತಿನ ಬಿಳುಪು ಮೈ. ಮಾರಾಟದವನು ಒಂದು ಗುಂಡಿ ಒತ್ತಿದ್ದೇ ತಡ, ಅವಳು ಮೈಯನ್ನು ಮೆಲ್ಲನೆ ತಗ್ಗಿಸಿ ಬಸುರಿಯ ಮುಂದೆ ಬಾಗಿ ನಿಂತಳು. ಶಾಂಭವಿ ಮಂಚದ ಮೇಲೆ ಕೂತಷ್ಟು ಸಲೀಸಾಗಿ ಒಳಗೆ ಕುಳಿತಳು. ನೀಲವ್ವ ಪಕ್ಕದಲ್ಲಿ ಕೂತು, ಬಿಸಿಯೇರುವ ಆಸನವನ್ನು ಅಂಗೈಯಿಂದ ಸವರಿದರು.

"ಯವ್ವಾ, ಒಲಿ ಮುಂದ ಕುಂತಂಗ ಆಗ್ತೈತಿ ನೋಡ್ರಿ."

ನಾನು ಕಾಯುತ್ತಿದ್ದೆ. ಈಗ ನನ್ನನ್ನು ಹೊರತೆಗೆಯುತ್ತಾರೆ, ಅವಳ ಗಾಲಿಗೆ ತೊಡಿಸಿ ನೋಡುತ್ತಾರೆ ಎಂದು. ಗುರುಸಿದ್ದಪ್ಪ ಚೀಲದ ಬಾಯಿಯನ್ನು ಬಿಚ್ಚಲೇ ಇಲ್ಲ. ನನ್ನನ್ನು ಬಾಗಿಲ ಬಳಿ, ಚಪ್ಪಲಿ ಬಿಟ್ಟಂತೆ ಬಿಟ್ಟು, ಅವಳ ಸುತ್ತ ಪ್ರದಕ್ಷಿಣೆ ಹಾಕಿದರು. ನನ್ನ ಒಂದೊಂದು ಕೊಂಡಿಯಲ್ಲೂ ಬೆಂಕಿ ಹೊತ್ತಿತು. ಆ ಗಳಿಗೆಯಿಂದ ಅವಳು ನನ್ನ ಸವತಿ.

ಹೊರಡುವ ಮುನ್ನ ಮಾರಾಟದವನು ಒಂದು ಮಾತು ಹೇಳಿದ. ನಾಲ್ಕು ಗಾಲಿಗಳ ಎಳೆತ ಮುಂದೆ ಹೋಗಲು ನೆರವಾಗುತ್ತದೆ, ಜಾರದೆ ನಿಲ್ಲಲು ಅಲ್ಲ. ಹಿಮಕ್ಕೆಂದೇ ಮೆತ್ತನೆಯ ರಬ್ಬರಿನ ಟೈರುಗಳಿವೆ, ಚಳಿ ಬೀಳುವ ಮೊದಲು ಹಾಕಿಸಿಕೊಳ್ಳಿ ಎಂದ. ಗುರುಸಿದ್ದಪ್ಪ ತಲೆಯಾಡಿಸಿದರು. ಜೀಪನ್ನು ಹೊಸ ಕಾರಿನ ಬೆಲೆಗೆ ಸೇರಿಸಿ ಅಲ್ಲಿಯೇ ಬಿಟ್ಟುಕೊಟ್ಟರು. ನಾನು ಸವತಿಯ ಹಿಂಭಾಗದಲ್ಲಿ, ಪರಿಮಳ ಸೂಸುವ ಕತ್ತಲೆಯಲ್ಲಿ ಕೂತು ಬೆಟ್ಟಕ್ಕೆ ಮರಳಿದೆ.

ಮನೆಯ ಮುಂದೆ ಅವಳಿಗೆ ಪೂಜೆ ನಡೆಯಿತು. ಅರಿಸಿನ, ಕುಂಕುಮ, ಚೆಂಡುಹೂವಿನ ಹಾರ. ನಾಲ್ಕು ಗಾಲಿಗಳ ಕೆಳಗೆ ನಾಲ್ಕು ನಿಂಬೆಹಣ್ಣು. ಅಷ್ಟು ವರ್ಷ ದುಡಿದ ನನ್ನ ಮೇಲೆ ಯಾರೂ ಒಂದು ಎಸಳು ಹೂ ಹಾಕಿರಲಿಲ್ಲ. ಒಂದು ವಾರದ ಬಳಿಕ ಗುರುಸಿದ್ದಪ್ಪ ಟೈರು ಬದಲಾಯಿಸಲು ಹೊರಟಾಗ ನೀಲವ್ವ ಅಡ್ಡ ಬಂದರು.

"ಪೂಜಾ ಮಾಡಿ ನಿಂಬಿಹಣ್ಣು ತುಳಿಸಿದ ಗಾಲಿ ಅವು. ಚೊಚ್ಚಲ ಬಸುರಿ ಮನ್ಯಾಗ ಇದ್ದಾಗ ಬಿಚ್ಚಿ ಒಗಿತೀರೇನು? ಹೆರಿಗಿ ಒಂದು ಆಗಲಿ."

"ಅಲ್ಲ ನೀಲಾ, ಆ ಹುಡುಗ ಹೇಳಿದ್ದ..."

"ಆ ಹುಡುಗ ಎಷ್ಟ ಹಡದಾನ?"

ಗುರುಸಿದ್ದಪ್ಪ ನಕ್ಕುಬಿಟ್ಟರು. "ಹೋಗಲಿ ಬಿಡು. ನಾಕೂ ಗಾಲಿ ಎಳೀತಾವ, ಏನಾಕ್ಕೈತಿ" ಎಂದರು. ಹಿಮದ ದಾರಿಯನ್ನು ಅಂಗೈಯಂತೆ ಬಲ್ಲವರು ಆಡುವ ಮಾತೇ ಅದು? ಆದರೆ ಬಿಳಿಯವಳ ಮೋಹ ಅವರ ಕಣ್ಣಿಗೆ ಕವಿದಿತ್ತು.

ನನ್ನನ್ನು ಸೌದೆಯ ರಾಶಿಯ ಮೇಲೆ ಹೊದಿಸಿದ ತಾಡಪಾಲು ಹಾರದಂತೆ ಭಾರಕ್ಕೆ ಇಟ್ಟರು. ಅಲ್ಲಿಂದ ಅವಳ ಓಡಾಟವೆಲ್ಲ ಕಾಣುತ್ತಿತ್ತು. ಮೊದಲ ತೆಳುಹಿಮದಲ್ಲಿ ಅವಳು ಬೆಕ್ಕಿನಂತೆ ದಿಬ್ಬವನ್ನೇರಿದಳು. ನನ್ನಂತೆ ಗದ್ದಲವಿಲ್ಲ, ಕುಲುಕಾಟವಿಲ್ಲ. "ಏನ್ ಸದ್ದಿಲ್ಲದ ಗಾಡಿರೀ" ಎಂದು ಅತಿಥಿಗಳು ಹೊಗಳಿದರು. ಒಂದೇ ಒಂದು ಸಲ ಅವಳು ಜಾರಲಿ ಎಂದು ನಾನು ಹಾರೈಸಿದೆ. ಜಾರುವಾಗ ಅವಳೊಳಗೆ ಯಾರಿರುತ್ತಾರೆಂಬುದು ಹೊಟ್ಟೆಕಿಚ್ಚಿನವರಿಗೆ ಹೊಳೆಯುವುದಿಲ್ಲ.

ಜನವರಿಯ ಒಂದು ಮುಂಜಾನೆ ಶಾಂಭವಿಗೆ ನೋವು ಕಾಣಿಸಿಕೊಂಡಿತು. ಹಿಂದಿನ ದಿನದ ಹಿಮ ಕರಗಿ, ರಾತ್ರಿ ಮತ್ತೆ ಹೆಪ್ಪುಗಟ್ಟಿ, ಇಳಿಜಾರೆಲ್ಲ ಗಾಜಿನಂತಾಗಿತ್ತು. ಬಿಳಿಯವಳು ಮೂವರನ್ನೂ ಹೊತ್ತು ಹೊರಟಳು. ಮೊದಲ ತಿರುವಿನಲ್ಲೇ ಅವಳ ಹಿಂಭಾಗ ಪಕ್ಕಕ್ಕೆ ಸರಿಯಿತು. ಇಡೀ ಮೈ ಅಡ್ಡವಾಗಿ ಜಾರಿ, ಪ್ರಪಾತದ ಕಡೆಯ ಮೋಟುಗೋಡೆಗೆ ಒಂದು ಮೊಳ ಇರುವಾಗ ನಿಂತಿತು. ನಾಲ್ಕು ಗಾಲಿಗಳೂ ತಿರುಗಿದವು. ನಾಲ್ಕೂ ಇದ್ದಲ್ಲೇ ತಿರುಗಿದವು.

ಗುರುಸಿದ್ದಪ್ಪ ಏಳುತ್ತ ಬೀಳುತ್ತ ದಿಬ್ಬ ಹತ್ತಿ ಬಂದು, ಹಿಮದಲ್ಲಿ ಹುದುಗಿದ್ದ ನನ್ನನ್ನು ಕಿತ್ತುಕೊಂಡರು. ಅವಳ ಗಾಲಿಗೆ ನನ್ನನ್ನು ಸುತ್ತಿದರು. ಅಗಲವಾದ ಗಾಲಿ ಅದು; ನನ್ನ ಎರಡು ತುದಿಗಳ ನಡುವೆ ಒಂದು ಗೇಣು ಅಂತರ ಉಳಿಯಿತು. ಎಳೆದರು, ಮತ್ತೆ ಎಳೆದರು. ಬಿಸಿ ಆಸನದ ಮೇಲೆ ಶಾಂಭವಿ "ಅವ್ವಾ" ಎಂದು ನರಳಿದಳು. ಅಂದು ಮಳಿಗೆಯಲ್ಲಿ ಚೀಲದ ಬಾಯಿಯನ್ನು ಬಿಚ್ಚಿದ್ದರೆ ಈ ಗೇಣು ಅಂದೇ ತಿಳಿಯುತ್ತಿತ್ತು.

ಆಗ ನೀಲವ್ವ ನನ್ನನ್ನು ಗಂಡನ ಕೈಯಿಂದ ಕಸಿದುಕೊಂಡರು.

"ತೊಡಸಾಕ ಆಗದಿದ್ರ ಹಾಸೂಣು. ನೀವು ಹೋಗಿ ಸ್ಟೇರಿಂಗ್ ಹಿಡೀರಿ."

ಮುಂದಿನ ಎರಡು ಗಾಲಿಗಳ ಮುಂದೆ ನನ್ನ ಎರಡು ಮೈಗಳನ್ನು ನೆಲಕ್ಕೆ ಹಾಸಿದರು. ಬಿಳಿಯವಳು ನನ್ನನ್ನು ತುಳಿದು ಒಂದು ಮಾರು ಮುಂದೆ ಬಂದು ನಿಂತಳು. ನೀಲವ್ವ ನನ್ನನ್ನು ಹಿಂದಿನಿಂದ ಎತ್ತಿ ಮತ್ತೆ ಮುಂದೆ ಹಾಸಿದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬರಿಗೈಯಲ್ಲಿ ಹಾಸುತ್ತ, ಎತ್ತುತ್ತ ಸಾಗಿದರು. ನನ್ನ ಅಂಚಿಗೆ ತಗುಲಿ ಅವರ ಬೆರಳಿನಿಂದ ರಕ್ತ ಬಂತು. ಮದುವೆಯಲ್ಲಿ ಮದುಮಗಳ ಕಾಲಡಿಗೆ ನಡೆಮಡಿ ಹಾಸುತ್ತಾರೆ; ನಾನು ನನ್ನ ಸವತಿಗೆ ನಡೆಮಡಿಯಾದೆ. ಪ್ರತಿ ಸಲವೂ ಅವಳ ಭಾರಕ್ಕೆ ನನ್ನ ಎಲುಬು ಮುರಿಯುವಂತಾಗುತ್ತಿತ್ತು. ಒಂದು ಕಡೆ ಮುರಿದೇ ಹೋಯಿತು. ಚಿಮ್ಮಿದ ತುಂಡು ಅವಳ ಗಾಲಿಯ ಹೊಳೆಯುವ ಲೋಹದ ಮೇಲೆ ಉದ್ದನೆಯ ಗೀರನ್ನೆಳೆಯಿತು. ಹಿಡಿತ ಬಿಡಬಹುದಿತ್ತು, ಒಂದು ಸಲ ಸಡಿಲಾಗಿದ್ದರೆ ಸಾಕಿತ್ತು, ಸವತಿ ಪ್ರಪಾತಕ್ಕೆ ಜಾರುತ್ತಿದ್ದಳು. ಆದರೆ ಒಳಗಿನ ನರಳಾಟ ನನಗೆ ಕೇಳುತ್ತಿತ್ತು. ಮಂಜುಗಡ್ಡೆಯನ್ನು ಹಲ್ಲುಕಚ್ಚಿ ಹಿಡಿದೆ. ಕೊನೆಗೆ ಹಿಮ ತೆರವಾದ ಹೆದ್ದಾರಿ ಸಿಕ್ಕಿತು. ನೀಲವ್ವ ಒಳಗೆ ಹತ್ತಿದರು. ನಾನು ರಸ್ತೆಯ ಬದಿಯಲ್ಲಿ ಉಳಿದೆ. ಬಿಳಿಯವಳು ಹಿಂದಿರುಗಿ ನೋಡದೆ ಓಡಿದಳು.

ಹೆಣ್ಣುಮಗು ಹುಟ್ಟಿತೆಂಬ ಸುದ್ದಿ ನನಗೆ ತಿಳಿದದ್ದು ಸಂಜೆ, ಗುರುಸಿದ್ದಪ್ಪ ಬಂದು ನನ್ನನ್ನು ಎತ್ತಿಕೊಂಡಾಗ. "ಮೊಮ್ಮಗಳು ಬಂದಾಳ" ಎಂದರು. ಹೆಗಲ ಮೇಲಿನ ಹಿಮವನ್ನು ಕೊಡವಿಕೊಳ್ಳುವಂತೆ ನಟಿಸುತ್ತ ಕಣ್ಣೊರೆಸಿಕೊಂಡರು. ಮರುವಾರವೇ ನೀಲವ್ವ ತಾವಾಗಿಯೇ ಟೈರು ಬದಲಾಯಿಸಲು ಹೇಳಿದರು. ಈಗ ಬಿಳಿಯವಳಿಗೆ ಹಿಮದ ಟೈರುಗಳಿವೆ. ನನ್ನ ಅಗತ್ಯ ಇನ್ನು ಇಲ್ಲ.

ನಾಮಕರಣಕ್ಕೆ ಗದಗಿನಿಂದ ಬೀಗರು ಬಣ್ಣದ ತೊಟ್ಟಿಲನ್ನು ತಂದರು, ತೂಗುಹಾಕುವ ಸರಪಳಿಯನ್ನು ಮರೆತರು. ನೀಲವ್ವ ನನ್ನ ಮುರಿಯದ ಭಾಗವನ್ನು ಬಿಸಿನೀರಿನಲ್ಲಿ ತಿಕ್ಕಿ, ಕೆಂಪು ಬಟ್ಟೆ ಸುತ್ತಿ, ತೊಲೆಗೆ ಬಿಗಿಸಿದರು. ಅಂದು ಮೊದಲ ಬಾರಿಗೆ ನನಗೂ ಕುಂಕುಮ ಬಿತ್ತು. ಈಗ ನಾನು ಬೆಚ್ಚಗಿನ ಕೋಣೆಯಲ್ಲಿದ್ದೇನೆ. ಸವತಿ ಹೊರಗೆ ಹಿಮದಲ್ಲಿ ನಿಂತಿದ್ದಾಳೆ. ಕಿಟಕಿಯಿಂದ ಅವಳ ಗಾಲಿಯ ಮೇಲಿನ ಗೀರು ಕಾಣುತ್ತದೆ.

ನಾನು ಗೆದ್ದೆನೆಂದುಕೊಂಡರೆ ತಪ್ಪು. ಎಷ್ಟು ತೂಗಿದರೂ ಮಗುವಿಗೆ ನನ್ನ ಬಳಿ ನಿದ್ದೆ ಹತ್ತುವುದಿಲ್ಲ. ನನ್ನ ಝಣಝಣಕ್ಕೆ ಕಣ್ಣರಳಿಸಿ ಅಳುತ್ತದೆ. ಕೊನೆಗೆ ಗುರುಸಿದ್ದಪ್ಪ ಅದನ್ನೂ ಶಾಂಭವಿಯನ್ನೂ ಕೂರಿಸಿಕೊಂಡು ಬಿಳಿಯವಳಲ್ಲಿ ದಿಬ್ಬದ ಕೆಳಗಿನವರೆಗೆ ಒಂದು ಸುತ್ತು ಹೋಗಿ ಬರುತ್ತಾರೆ. ಮರಳುವಷ್ಟರಲ್ಲಿ ಅದಕ್ಕೆ ಗಾಢನಿದ್ರೆ. ನನ್ನ ಹೊಟ್ಟೆ ಇಂದಿಗೂ ಉರಿಯುತ್ತದೆ.

ನಿದ್ದೆಹೋದ ಮಗುವನ್ನು ಮೆಲ್ಲನೆ ತಂದು ನನ್ನ ಆಸರೆಯಲ್ಲಿ ಮಲಗಿಸುತ್ತಾರೆ. ಬಿಳಿಯವಳು ಮಲಗಿಸಿದ ಮಗುವನ್ನು ಒಂದು ಝಣತ್ಕಾರದಿಂದ ನಾನು ಎಬ್ಬಿಸಬಲ್ಲೆ. ಹುಟ್ಟಿದಾಗಿನಿಂದ ನನಗೆ ಬರುವ ವಿದ್ಯೆ ಅದೊಂದೇ. ಆದರೆ ಆ ಪುಟ್ಟ ಭಾರ ನನ್ನ ಮೇಲೆ ಬೀಳುತ್ತಲೇ ನಾನು ಒಂದೊಂದು ಕೊಂಡಿಯನ್ನೂ ಬಿಗಿಹಿಡಿದು, ಉಸಿರೆತ್ತದೆ ತೂಗುತ್ತೇನೆ.